ಕೊಡಗಿನ ತೇವದ ಗಾಳಿಯಲ್ಲಿ ಔಷಧಿ ಗಿಡಗಳ ಒಣಸಾರ: ಯಾವ ವಿಧಾನ ಯಾರಿಗೆ ಹೊಂದುತ್ತದೆ?

ಕೊಡಗಿನಲ್ಲಿ ಕಾಫಿ, ಮೆಣಸಿನ ಜೊತೆಗೆ ಕಿರಾತಕಡ್ಡಿ, ಒಂದೆಲಗ, ಆಡುಸೋಗೆ, ಶುಂಠಿ, ಅರಿಶಿನಗಳನ್ನು ಬೆಳೆಯುವ ಕೆಲವರು, ಒಣಗಿದ ಸೊಪ್ಪನ್ನೋ ಗೆಡ್ಡೆಯನ್ನೋ ಮೂಟೆ ಕಟ್ಟಿ ಮಾರುವ ಬದಲು ಅದರ ಸಾರವನ್ನು ಪುಡಿಯಾಗಿಸಿ ಮಾರುವ ಆಲೋಚನೆಯಲ್ಲಿದ್ದಾರೆ. ಆಲೋಚನೆ ಒಳ್ಳೆಯದೇ. ಆದರೆ ಮಾತು ಶುರುವಾಗುವುದು ಸಾಮಾನ್ಯವಾಗಿ ಯಂತ್ರದಿಂದ: ಸಾರವನ್ನು ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸುವ ಸ್ಪ್ರೇ ಡ್ರೈಯರ್ ಕೊಳ್ಳಬೇಕೋ, ತಟ್ಟೆಗಳಲ್ಲಿಟ್ಟು ನಿರ್ವಾತದಲ್ಲಿ ಒಣಗಿಸುವ ವ್ಯಾಕ್ಯೂಮ್ ಟ್ರೇ ಡ್ರೈಯರ್ ಸಾಕೋ, ಹೆಪ್ಪುಗಟ್ಟಿಸಿ ಒಣಗಿಸುವ ಫ್ರೀಜ್ ಡ್ರೈಯರ್ ಎಲ್ಲಕ್ಕಿಂತ ಮೇಲೋ ಎಂದು. ಅದಕ್ಕೂ ಮೊದಲು ಎರಡು ವಿಷಯಗಳು ತೀರ್ಮಾನವಾಗಬೇಕು. ಒಂದು, ಈ ವಿಧಾನಗಳನ್ನು ಯಾವ ಅಳತೆಗೋಲಿನಿಂದ ಹೋಲಿಸುತ್ತೇವೆ ಎಂಬುದು. ಇನ್ನೊಂದು, ವರ್ಷದ ನಾಲ್ಕೈದು ತಿಂಗಳು ನೀರಿನಲ್ಲೇ ನೆನೆದಿರುವ ನಮ್ಮ ಗಾಳಿಯಲ್ಲಿ ಆ ವಿಧಾನ ಹೇಗೆ ನಡೆದುಕೊಳ್ಳುತ್ತದೆ ಎಂಬುದು.

ಅಳತೆಗೋಲಿನ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟವಾಗಿದೆ. ನೂರು ಕಿಲೋ ಒಣ ಸೊಪ್ಪಿಗೆ ಎಷ್ಟು ಕಿಲೋ ಪುಡಿ ಬಂತು ಎಂಬ ಲೆಕ್ಕ ದಾರಿ ತಪ್ಪಿಸುತ್ತದೆ. ಸೊಪ್ಪಿನಲ್ಲಿದ್ದ ಗುರುತಿನ ಸತ್ವದಲ್ಲಿ, ಅಂದರೆ ಖರೀದಿದಾರ ಪ್ರಯೋಗಾಲಯದಲ್ಲಿ ಅಳೆದು ನೋಡುವ ಘಟಕದಲ್ಲಿ, ಎಷ್ಟು ಪಾಲು ಪುಡಿಯವರೆಗೆ ಉಳಿದು ಬಂತು ಮತ್ತು ಅದರ ಪ್ರತಿ ಗ್ರಾಮಿಗೆ ಎಷ್ಟು ಖರ್ಚಾಯಿತು ಎಂಬುದೇ ಸರಿಯಾದ ಲೆಕ್ಕ. ಉದಾಹರಣೆಗೆ, 20 ಕಿಲೋ ಸಾರದ ಘನಪದಾರ್ಥಕ್ಕೆ ಸುಮಾರು 8.6 ಕಿಲೋ ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟದಿಂದ ಮಾಡುವ ಪುಡಿ) ಬೆರೆಸಿ ಒಣಗಿಸಿದರೆ 28.6 ಕಿಲೋ ಪುಡಿ ಸಿಗುತ್ತದೆ. ತೂಕ ನೋಡಿ ಸಂತೋಷಪಡಬಹುದು, ಆದರೆ ಮೊದಲು ಶೇ. 5ರಷ್ಟಿದ್ದ ಸತ್ವ ಈಗ ಶೇ. 3.5ಕ್ಕೆ ಇಳಿದಿರುತ್ತದೆ. ಬೆರಕೆಯನ್ನು ಚೀಟಿಯಲ್ಲಿ ತೋರಿಸದಿದ್ದರೆ ಅದು ಮೋಸವಾಗುತ್ತದೆ, ತೋರಿಸಿದರೆ ಬೆಲೆ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಹೀಗಾಗಿ ಪ್ರತಿ ಹಂತದಲ್ಲೂ ತೂಕದ ಜೊತೆಗೆ ಸತ್ವದ ಪ್ರಮಾಣವನ್ನೂ ಬರೆದಿಡುವ ಪದ್ಧತಿಯಿಲ್ಲದೆ ಯಾವ ಎರಡು ವಿಧಾನಗಳನ್ನೂ ನ್ಯಾಯವಾಗಿ ಹೋಲಿಸಲಾಗದು.

ಸೊಪ್ಪು ಒಣಗಿಸುವ ಹಂತ

ಸಾರದ ಗುಣಮಟ್ಟದಲ್ಲಿ ದೊಡ್ಡ ಪಾಲು ತೀರ್ಮಾನವಾಗುವುದು ಕಾರ್ಖಾನೆಗೆ ಸೊಪ್ಪು ಬರುವ ಮೊದಲೇ. ಹಸಿ ಸೊಪ್ಪಿನಲ್ಲಿ ಸುಮಾರು ಶೇ. 80ರಷ್ಟು ನೀರಿದ್ದರೆ, ಅದನ್ನು ಶೇ. 10 ತೇವಾಂಶಕ್ಕೆ ತಂದಾಗ 100 ಕಿಲೋ ಹಸಿಗೆ 22 ಕಿಲೋ ಒಣ ಸೊಪ್ಪು ಉಳಿಯುತ್ತದೆ. ಉಳಿದ 78 ಕಿಲೋ ನೀರು ಎಷ್ಟು ಬೇಗ, ಎಷ್ಟು ಮೆಲ್ಲಗಿನ ಶಾಖದಲ್ಲಿ ಹೊರಹೋಯಿತು ಎಂಬುದರ ಮೇಲೆ ಬೂಸ್ಟು ಹಿಡಿಯುವುದೂ, ಬಣ್ಣ ಕಪ್ಪಾಗುವುದೂ, ಸುವಾಸನೆ ಉಳಿಯುವುದೂ ನಿಂತಿವೆ.

ನೆರಳಿನಲ್ಲಿ ಹರಡಿ ಒಣಗಿಸುವುದು ಜನವರಿಯಿಂದ ಏಪ್ರಿಲ್‌ವರೆಗೆ, ಅದರಲ್ಲೂ ಕುಶಾಲನಗರ, ಸೋಮವಾರಪೇಟೆಯ ಪೂರ್ವ ಭಾಗಗಳಲ್ಲಿ, ಖರ್ಚಿಲ್ಲದ ಒಳ್ಳೆಯ ವಿಧಾನ. ಕಾಫಿ ಕಣದ ಬಿಸಿಲಿನಲ್ಲಿ ಹರಡುವುದು ಬೇರು, ತೊಗಟೆ, ಅರಿಶಿನದ ತುಂಡುಗಳಿಗೆ ನಡೆದೀತು. ಎಲೆಗಳಿಗೆ ನೇರ ಬಿಸಿಲು ಬೇಡ. ಅದೂ ಅಲ್ಲದೆ, ಕಿರಾತಕಡ್ಡಿ ಹೂ ಬಿಡತೊಡಗಿ ಕೊಯ್ಲಿಗೆ ಬರುವ ಹೊತ್ತಿಗೆ ಅರೇಬಿಕಾ ಕಾಫಿಯ ಕೊಯ್ಲೂ ಶುರುವಾಗುವುದರಿಂದ ಕಣವೂ ಖಾಲಿಯಿರುವುದಿಲ್ಲ, ಕೈಗಳೂ ಬಿಡುವಾಗಿರುವುದಿಲ್ಲ. ಪಾರದರ್ಶಕ ಹಾಳೆ ಹೊದಿಸಿದ ಸೋಲಾರ್ ಗೂಡು ಈ ಎರಡಕ್ಕಿಂತ ಮೇಲು, ಏಕೆಂದರೆ ಇಬ್ಬನಿಯಿಂದಲೂ ಧೂಳಿನಿಂದಲೂ ರಕ್ಷಣೆ ಸಿಗುತ್ತದೆ. ಆದರೆ ಒಳಗಿನ ತೇವದ ಗಾಳಿಯನ್ನು ಹೊರಗೆ ಎಳೆಯುವ ಫ್ಯಾನ್ ಇಲ್ಲದ ಗೂಡು ಸೊಪ್ಪನ್ನು ಒಣಗಿಸುವುದಿಲ್ಲ, ಬೇಯಿಸುತ್ತದೆ.

ಮಳೆಗಾಲಕ್ಕೆ ಇವು ಯಾವುವೂ ಸಾಲವು. ಆಗ ಗಾಳಿಯನ್ನು ಕಾಯಿಸಲೇಬೇಕು, ಮತ್ತು ಅದರ ಫಲ ಅನೇಕರು ಊಹಿಸುವುದಕ್ಕಿಂತ ದೊಡ್ಡದು. ಜುಲೈ ತಿಂಗಳ ಮಡಿಕೇರಿಯ ಗಾಳಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇ. 95ರಷ್ಟು ತೇವದಿಂದ ಕೂಡಿದೆ ಎಂದಿಟ್ಟುಕೊಳ್ಳಿ. ಅದೇ ಗಾಳಿಯನ್ನು 45 ಡಿಗ್ರಿಗೆ ಕಾಯಿಸಿದರೆ, ಅದರಲ್ಲಿರುವ ನೀರಿನ ಪ್ರಮಾಣ ಬದಲಾಗದಿದ್ದರೂ, ಸಾಪೇಕ್ಷ ಆರ್ದ್ರತೆ ಸುಮಾರು ಶೇ. 23ಕ್ಕೆ ಇಳಿಯುತ್ತದೆ. ಅಂದರೆ ಮಳೆ ಸುರಿಯುತ್ತಿರುವಾಗಲೂ 45 ಡಿಗ್ರಿಯ ಗಾಳಿಯಿಂದ ಎಲೆಯನ್ನು ಸರಿಯಾಗಿ ಒಣಗಿಸಲು ಸಾಧ್ಯವಿದೆ. ಏಲಕ್ಕಿ ಒಣಗಿಸುವ ಹಳೆಯ ಗೂಡುಗಳಿರುವವರು ಅವನ್ನೇ ಬಳಸಿಕೊಳ್ಳಬಹುದು, ಆದರೆ ಹೊಗೆ ಕೊಳವೆಯೊಳಗೇ ಹೋಗಿ ಬಿಸಿಗಾಳಿ ಮಾತ್ರ ಸೊಪ್ಪನ್ನು ತಲುಪುವಂತಿರಬೇಕು. ಹೊಗೆ ತಾಗಿದ ಸೊಪ್ಪಿಗೆ ವಾಸನೆ ಅಂಟುವುದಷ್ಟೇ ಅಲ್ಲ, ಹೊಗೆಯಲ್ಲಿರುವ ಹಾನಿಕರ ಸಂಯುಕ್ತಗಳು ಸಾರ ತೆಗೆಯುವಾಗ ಎಲೆಯ ಸತ್ವದ ಜೊತೆಗೇ ಸಾಂದ್ರಗೊಳ್ಳುತ್ತವೆ. ಕಾಫಿ ಹೊಟ್ಟು, ಸಿಲ್ವರ್ ಓಕ್ ಕೊಂಬೆ, ಸವರಿ ತೆಗೆದ ಕಾಫಿ ರೆಂಬೆ ಎಲ್ಲವೂ ಉರುವಲಿಗೆ ಆಗುತ್ತವೆ. ಹೀಟ್ ಪಂಪ್ ಡ್ರೈಯರ್ ಗಾಳಿಯ ತೇವವನ್ನು ತಣ್ಣನೆಯ ಸುರುಳಿಯ ಮೇಲೆ ಇಳಿಸಿ, ಅದೇ ಗಾಳಿಯನ್ನು ಮತ್ತೆ ಕಾಯಿಸಿ ಕಳಿಸುವುದರಿಂದ 35ರಿಂದ 45 ಡಿಗ್ರಿಯಲ್ಲೇ ಕೆಲಸ ಮುಗಿಸುತ್ತದೆ. ತುಳಸಿಯಂಥ ಸುವಾಸನೆಯ ಸೊಪ್ಪಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಬೆಲೆ ಹೆಚ್ಚು, ಮತ್ತು ಮಳೆಗಾಲದ ಕರೆಂಟು ಹೋದಾಗ ಜನರೇಟರ್ ಬೇಕು.

ಒಣಗಿದೆಯೋ ಇಲ್ಲವೋ ಎಂದು ನೋಡುವಾಗ ಎಲೆಯನ್ನು ಹಿಸುಕಿ ನೋಡಿದರೆ ಸಾಲದು. ಎಲೆ ಪುಡಿಯಾಗುತ್ತಿರುವಾಗಲೂ ದಂಟಿನೊಳಗೆ ತೇವ ಉಳಿದಿರುತ್ತದೆ. ರಾಶಿಯ ನಡುವಿನಿಂದ ದಪ್ಪನೆಯ ದಂಟೊಂದನ್ನು ಹೊರತೆಗೆದು ಬಗ್ಗಿಸಿದಾಗ ಅದು ನಾರಿನಂತೆ ಮಡಚಿಕೊಳ್ಳದೆ ‘ಟಕ್’ ಎಂದು ಮುರಿಯಬೇಕು. ಮಡಚಿಕೊಂಡರೆ ಆ ರಾಶಿ ಚೀಲದಲ್ಲಿ ಬೆವರುತ್ತದೆ.

ಇಲ್ಲಿ ಕೊಡಗಿಗೇ ವಿಶಿಷ್ಟವಾದ ಗಿಡವೊಂದನ್ನು ಬೇರೆಯಾಗಿ ಹೇಳಬೇಕು. ಮದ್ದು ಸೊಪ್ಪನ್ನು ಕೊಡವ ಪಂಚಾಂಗದ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ರ ಸುಮಾರಿಗೆ ಕೊಯ್ದು, ಅದರ ಕಡು ನೇರಳೆ ಬಣ್ಣದ ರಸದಲ್ಲಿ ಪಾಯಸ ಮಾಡುವುದು ನಮ್ಮ ರೂಢಿ. ಕೊಯ್ಲಿನ ಆ ದಿನಗಳೇ ಒಣಗಿಸುವುದಕ್ಕೆ ಅತಿ ಕಷ್ಟದ ದಿನಗಳು. ಈ ಸೊಪ್ಪಿನ ಸಾರ ಮಾಡಬೇಕೆನ್ನುವವರು ಅದನ್ನು ಒಣಗಿಸುವ ಗೋಜಿಗೆ ಹೋಗದೆ, ಕೊಯ್ದ ದಿನವೇ ಹಸಿಯಾಗಿ ಕೊಚ್ಚಿ ನೀರಿನಲ್ಲಿ ಸಾರ ತೆಗೆಯುವುದೇ ಸರಿ. ಬಣ್ಣ ನೀರಿಗೆ ಸುಲಭವಾಗಿ ಇಳಿಯುತ್ತದೆ, ಮತ್ತು ಎಲೆ ಒಣಗಿಸಿ ಮತ್ತೆ ನೆನೆಸುವ ಎರಡು ಖರ್ಚುಗಳು ತಪ್ಪುತ್ತವೆ. ಒಣ ಸೊಪ್ಪನ್ನು ದಾಸ್ತಾನು ಮಾಡಿ ವರ್ಷವಿಡೀ ಯಂತ್ರ ಓಡಿಸುವ ಅನುಕೂಲ ಮಾತ್ರ ಇಲ್ಲಿ ಸಿಗುವುದಿಲ್ಲ.

ನೀರೋ, ಮದ್ಯಸಾರ ಬೆರೆತ ನೀರೋ

ಇದು ಇಷ್ಟಾನಿಷ್ಟದ ಪ್ರಶ್ನೆಯಲ್ಲ, ಗಿಡವೇ ಉತ್ತರ ಹೇಳುತ್ತದೆ. ಕಿರಾತಕಡ್ಡಿಯ ಕಹಿ ಸತ್ವವಾದ ಆಂಡ್ರೋಗ್ರಾಫೋಲೈಡ್ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ. ಅದರ ಆಧಾರದ ಮೇಲೆ ಬೆಲೆ ಕಟ್ಟುವ ಖರೀದಿದಾರನಿಗೆ ನೀರಿನ ಸಾರ ಮಾಡಿ ಒಯ್ದರೆ, ಪುಡಿ ಧಾರಾಳವಾಗಿ ಸಿಕ್ಕರೂ ಸತ್ವದ ಅಂಕಿ ಕೈಕೊಡುತ್ತದೆ. ಅರಿಶಿನದ ಕರ್ಕ್ಯುಮಿನ್, ಮೆಣಸಿನ ಪೈಪರಿನ್, ನೆಲನೆಲ್ಲಿಯ ಫಿಲಾಂಥಿನ್ ಇವಕ್ಕೂ ಇದೇ ಮಾತು ಅನ್ವಯಿಸುತ್ತದೆ. ಒಂದೆಲಗಕ್ಕೆ ನೀರು ಮತ್ತು ಮದ್ಯಸಾರದ ಮಿಶ್ರಣ ಚೆನ್ನಾಗಿ ಹೊಂದುತ್ತದೆ. ಹಣ್ಣಿನ ರಸವನ್ನು ಕುದಿಸಿ ಮಾಡುವ ನಮ್ಮ ಕಪ್ಪು ಹುಳಿಯಾದ ಕಾಚಂಪುಳಿಯ ಆಮ್ಲಕ್ಕೆ ನೀರೇ ಸಾಕು. ಶುಂಠಿಯ ಜಿಂಜರಾಲ್ ಮದ್ಯಸಾರದಲ್ಲಿ ಚೆನ್ನಾಗಿ ಇಳಿಯುತ್ತದೆ, ಆದರೆ ಹೆಚ್ಚು ಹೊತ್ತು ಕಾಯಿಸಿದರೆ ಅದು ಶೋಗಾಲ್ ಎಂಬ ಬೇರೆ ಘಟಕವಾಗಿ ಮಾರ್ಪಡುತ್ತದೆ. ಹಾಗಾಗಿ ಖರೀದಿದಾರನಿಗೆ ಯಾವುದು ಬೇಕೆಂದು ಮೊದಲೇ ಕೇಳಿಕೊಳ್ಳಬೇಕು.

ಆಯುರ್ವೇದ ಔಷಧಿಗಳ ಅಧಿಕೃತ ಮಾನದಂಡ ಗ್ರಂಥವಾದ ಆಯುರ್ವೇದಿಕ್ ಫಾರ್ಮಕೋಪಿಯಾ ಆಫ್ ಇಂಡಿಯಾ ಹಲವು ಗಿಡಗಳ ನೀರಿನ ಸಾರಕ್ಕೂ ಮದ್ಯಸಾರ ಬೆರೆತ ಸಾರಕ್ಕೂ ಬೇರೆ ಬೇರೆ ಮಾನದಂಡಗಳನ್ನು ಕೊಟ್ಟಿದೆ. ನಿಮ್ಮ ಗಿಡದ ಪುಟವನ್ನು ಓದದೆ ಹಣ ಹೂಡಬೇಡಿ. ಭಾರ ಲೋಹಗಳಿಗೆ ಅದು ಹೇಳುವ ಮಿತಿ ಸೀಸಕ್ಕೆ 10, ಆರ್ಸೆನಿಕ್‌ಗೆ 3, ಪಾದರಸಕ್ಕೆ 1, ಕ್ಯಾಡ್ಮಿಯಂಗೆ 0.3 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು ಎಂಬ ಲೆಕ್ಕ). ಮಣ್ಣಿನಲ್ಲಿ, ನೀರಿನಲ್ಲಿ ಇರುವ ಲೋಹ ಸಾರದಲ್ಲಿ ಇನ್ನಷ್ಟು ದಟ್ಟವಾಗಬಹುದಾದ್ದರಿಂದ, ಒಣ ಸೊಪ್ಪು ಪರೀಕ್ಷೆಯಲ್ಲಿ ಅಂಚಿನಲ್ಲಿ ಪಾಸಾಗಿದ್ದರೆ ಪುಡಿಯ ಬಗ್ಗೆ ನೆಮ್ಮದಿಯಿಂದಿರುವಂತಿಲ್ಲ.

ಮದ್ಯಸಾರ ಬಳಸುವುದಾದರೆ ಅಬಕಾರಿ ಇಲಾಖೆಯ ಪರವಾನಗಿ, ಕಿಡಿ ಹಾರದ ಮೋಟಾರುಗಳು, ದ್ರಾವಕವನ್ನು ಮರಳಿ ಹಿಡಿಯುವ ಕಂಡೆನ್ಸರ್, ಬೆಂಕಿ ಸುರಕ್ಷತೆ ಎಲ್ಲವೂ ಬೇಕು. ಬೆಳೆಗಾರರ ಸಣ್ಣ ಗುಂಪೊಂದು ಇದಕ್ಕೆ ತಾನೇ ಕೈಹಾಕುವುದನ್ನು ನಾನು ಒಪ್ಪಲಾರೆ. ಕಿರಾತಕಡ್ಡಿ ಬೆಳೆಯುವವರು ಸೊಪ್ಪನ್ನು ಅತ್ಯುತ್ತಮವಾಗಿ ಒಣಗಿಸಿ, ಪರೀಕ್ಷಾ ವರದಿಯೊಂದಿಗೆ ಮಾರುವುದೋ, ಪರವಾನಗಿಯಿರುವ ಘಟಕದಲ್ಲಿ ಜಾಬ್ ವರ್ಕ್ ಆಗಿ, ಅಂದರೆ ಕೂಲಿ ಕೊಟ್ಟು, ಸಾರ ತೆಗೆಸುವುದೋ ಮೇಲು. ನೀರಿನಲ್ಲಿ ಸತ್ವ ಇಳಿಯುವ ಗಿಡಗಳನ್ನು ಆರಿಸಿಕೊಂಡವರಿಗೆ ಮಾತ್ರ ಸ್ವಂತ ಘಟಕ ಕೈಗೆಟಕುವ ಮಾತು.

ಸೊಪ್ಪನ್ನು ನುಣ್ಣಗೆ ಪುಡಿ ಮಾಡಿದಷ್ಟೂ ಸಾರ ಹೆಚ್ಚು ಬರುತ್ತದೆಂಬುದು ಅರ್ಧ ಸತ್ಯ. ತೀರ ನುಣುಪಾದರೆ ಸೋಸುವಾಗ ಬಟ್ಟೆ ಕಟ್ಟಿಕೊಳ್ಳುತ್ತದೆ, ದ್ರಾವಕ ಒಂದೇ ಕಡೆ ದಾರಿ ಮಾಡಿಕೊಂಡು ಇಳಿಯುತ್ತದೆ. ತರಿತರಿಯಾದ ಪುಡಿ, ಅದಕ್ಕೆ ಎಂಟರಿಂದ ಹತ್ತು ಪಾಲು ನೀರು, 70ರಿಂದ 80 ಡಿಗ್ರಿಯಲ್ಲಿ ಒಂದೆರಡು ಗಂಟೆ, ಇದರಿಂದ ಆರಂಭಿಸಿ ಸೊಪ್ಪಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು. ಒಂದೇ ಸಲಕ್ಕೆ ಎಲ್ಲ ನೀರು ಹಾಕುವುದಕ್ಕಿಂತ ಎರಡು ಸಲ ಹಂಚಿ ಹಾಕುವುದು ಹೆಚ್ಚು ಸತ್ವ ಹೊರತರುತ್ತದೆ. ಮೂರನೆಯ ಸಲದ ಬಗ್ಗೆ ಮಾತ್ರ ಲೆಕ್ಕ ಹಾಕಿ ನೋಡಬೇಕು. ಆ ಸಲದ 500 ಲೀಟರಿನಲ್ಲಿ ಕೇವಲ 1 ಕಿಲೋ ಘನ ಇದ್ದರೆ, ಅದನ್ನು ಪಡೆಯಲು 500 ಲೀಟರನ್ನೂ ಆವಿ ಮಾಡಬೇಕು. ಒಂದು ಲೀಟರ್ ನೀರು ಆವಿಯಾಗಲು ಕನಿಷ್ಠ 0.63 ಯೂನಿಟ್ ಶಾಖ ಬೇಕಾಗುವುದರಿಂದ ಆ ಒಂದು ಕಿಲೋ ಪುಡಿಗೆ 300ಕ್ಕೂ ಹೆಚ್ಚು ಯೂನಿಟ್ ಸುರಿದಂತಾಗುತ್ತದೆ. ಅದರ ಬದಲು ಮೂರನೆಯ ತೊಳೆನೀರನ್ನು ಮುಂದಿನ ಬ್ಯಾಚಿನ ಹೊಸ ಸೊಪ್ಪಿಗೆ ಮೊದಲ ನೀರಾಗಿ ಬಳಸಿದರೆ ಸತ್ವವೂ ಉಳಿಯುತ್ತದೆ, ಉರುವಲೂ ಉಳಿಯುತ್ತದೆ. ಆದರೆ ಈ ನೀರನ್ನು ರಾತ್ರಿಯಿಡೀ ಹಾಗೇ ಬಿಟ್ಟರೆ ಹುಳಿಯುತ್ತದೆ. ಅದೇ ದಿನ ಬಳಸಬೇಕು, ಇಲ್ಲವೇ ತಣ್ಣಗಿಡಬೇಕು.

ಗಟ್ಟಿಗೊಳಿಸುವ ಹಂತವೇ ಖರ್ಚಿನ ಕೇಂದ್ರ

ಎಲ್ಲರ ಗಮನ ಕೊನೆಯ ಡ್ರೈಯರ್ ಮೇಲಿದ್ದರೂ ಹಣ ಉಳಿಯುವುದೂ ಪೋಲಾಗುವುದೂ ಇಲ್ಲೇ. 100 ಕಿಲೋ ಒಣ ಸೊಪ್ಪಿನಿಂದ 800 ಕಿಲೋ ತಿಳಿ ಕಷಾಯ ಸಿಕ್ಕಿ, ಅದರಲ್ಲಿ 20 ಕಿಲೋ ಘನ ಇದೆ ಎಂದುಕೊಳ್ಳೋಣ. ಅಂದರೆ ಶೇ. 2.5. ಇದನ್ನು ನೇರವಾಗಿ ಡ್ರೈಯರ್‌ಗೆ ಕಳಿಸಿದರೆ ಡ್ರೈಯರ್ 780 ಕಿಲೋ ನೀರನ್ನು ತೆಗೆಯಬೇಕು. ಮೊದಲು ಶೇ. 10ಕ್ಕೆ ಗಟ್ಟಿ ಮಾಡಿದರೆ ಡ್ರೈಯರ್‌ಗೆ ಉಳಿಯುವುದು 180 ಕಿಲೋ. ಶೇ. 30ಕ್ಕೆ ತಂದರೆ 47 ಕಿಲೋ ಮಾತ್ರ. ಡ್ರೈಯರ್‌ನಲ್ಲಿ ನೀರು ತೆಗೆಯುವುದು, ಕುದಿಸಿ ಗಟ್ಟಿ ಮಾಡುವ ಪಾತ್ರೆಯಾದ ಇವ್ಯಾಪೊರೇಟರ್‌ನಲ್ಲಿ ತೆಗೆಯುವುದಕ್ಕಿಂತ ದುಬಾರಿ. ಸ್ಪ್ರೇ ಡ್ರೈಯರ್‌ನಲ್ಲಿ ಹೊರಹೋಗುವ ಬಿಸಿಗಾಳಿಯ ಜೊತೆ ಶಾಖವೂ ಹೋಗುವುದರಿಂದ ಕನಿಷ್ಠ ಲೆಕ್ಕದ ಎರಡು ಪಟ್ಟಿಗೂ ಮೇಲೆ ಇಂಧನ ತಗಲುವುದು ಸಾಮಾನ್ಯ. ಎರಡು ಹಂತದ ಇವ್ಯಾಪೊರೇಟರ್‌ನಲ್ಲಿ ಮೊದಲ ಪಾತ್ರೆಯ ಆವಿಯೇ ಎರಡನೆಯದನ್ನು ಕುದಿಸುವುದರಿಂದ ಹಬೆ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ತೆರೆದ ಬಾಣಲೆಯಲ್ಲಿ ಕುದಿಸಿ ಗಟ್ಟಿ ಮಾಡುವುದು ನಮ್ಮ ಕಾಚಂಪುಳಿಯ ದಾರಿ. ಹಣ್ಣಿನ ರಸ ಇಳಿಸಿ, ಕುದಿಸಿ ಕುದಿಸಿ ಕಪ್ಪಾಗಿ ದಪ್ಪಗಾಗುವವರೆಗೆ ಕಾಯುವ ಆ ಪದ್ಧತಿ ಅಡುಗೆಗೆ ಬೇಕಾದ ರುಚಿಯನ್ನು ಕೊಡುತ್ತದೆ. ಆದರೆ ಔಷಧೀಯ ಸಾರಕ್ಕೆ ಅದೇ ದಾರಿ ಹಿಡಿದರೆ ಗಂಟೆಗಟ್ಟಲೆಯ ಶಾಖ ಸತ್ವವನ್ನು ಒಡೆಯುತ್ತದೆ, ಬಾಣಲೆಯ ತಳ ಹಿಡಿಯುತ್ತದೆ, ಮತ್ತು ಕಾಚಂಪುಳಿಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೇ ಒಂದು ಪಾಲು ಲ್ಯಾಕ್ಟೋನ್ ಎಂಬ ಬೇರೆ ರೂಪಕ್ಕೆ ಬದಲಾಗುತ್ತದೆ. ನಿರ್ವಾತದಲ್ಲಿ ಕುದಿಸುವುದು ಖಂಡಿತವಾಗಿಯೂ ಮೇಲು.

ಇಲ್ಲಿ ಎತ್ತರದ ಊರಿನವರು ತಿಳಿದಿರಬೇಕಾದ ಒಂದು ಸಂಗತಿಯಿದೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿನ ವಾತಾವರಣದ ಒತ್ತಡ ಪಾದರಸದ 660 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ, ಸಮುದ್ರ ತೀರದಂತೆ 760 ಅಲ್ಲ. ತೆರೆದ ಪಾತ್ರೆಯಲ್ಲೂ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಸಾಮಾನ್ಯ ವ್ಯಾಕ್ಯೂಮ್ ಗೇಜ್ ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಕಡಿಮೆಯಿದೆ ಎಂಬುದನ್ನಷ್ಟೇ ತೋರಿಸುತ್ತದೆ. ಮಂಗಳೂರಿನಲ್ಲಿ ಮುಳ್ಳು 600ರಲ್ಲಿದ್ದರೆ ಒಳಗಿನ ನಿಜವಾದ ಒತ್ತಡ 160, ಕುದಿಯುವ ಉಷ್ಣತೆ 61 ಡಿಗ್ರಿಯ ಮೇಲೆ. ಮಡಿಕೇರಿಯಲ್ಲಿ ಅದೇ 600 ಎಂದರೆ ಒಳಗಿನ ಒತ್ತಡ 60, ಕುದಿಯುವುದು 41-42 ಡಿಗ್ರಿಯಲ್ಲಿ. ಕರಾವಳಿಯಲ್ಲಿ ಬರೆದ ಕಾರ್ಯಸೂಚಿಯಲ್ಲಿ ‘700ಕ್ಕೆ ತನ್ನಿ’ ಎಂದಿದ್ದರೆ ಅದು ಇಲ್ಲಿ ಆಗದ ಮಾತು. ಮುಳ್ಳು ಅಲ್ಲಿಗೆ ಹೋಗಲಿಲ್ಲವೆಂದು ಪಂಪನ್ನು ಬಿಚ್ಚುವ ಅಗತ್ಯವಿಲ್ಲ. ಗೇಜ್‌ಗಿಂತ ಪಾತ್ರೆಯೊಳಗಿನ ದ್ರವದ ಉಷ್ಣತಾಮಾಪಕವನ್ನು ನಂಬಿ ಕೆಲಸ ಮಾಡುವುದು ಸರಿ. ನಿಜ ಒತ್ತಡ ತೋರಿಸುವ ಗೇಜ್ ಕೊಂಡರೆ ಇನ್ನೂ ಒಳ್ಳೆಯದು.

ಎಷ್ಟಕ್ಕೆ ಗಟ್ಟಿ ಮಾಡಬೇಕೆಂಬುದನ್ನು ಹನಿಯಲ್ಲಿ ಬೆಳಕು ಬಾಗುವುದನ್ನು ನೋಡಿ ಘನದ ಪಾಲು ತಿಳಿಸುವ, ಕೈಯಲ್ಲಿ ಹಿಡಿಯುವ ರಿಫ್ರ್ಯಾಕ್ಟೋಮೀಟರ್ ಹೇಳುತ್ತದೆ. ಬೆಲೆ ಕಡಿಮೆ, ಪ್ರಯೋಜನ ದೊಡ್ಡದು. ಅದರ ಓದನ್ನು ಒಂದೆರಡು ಬಾರಿ ಒಲೆಯಲ್ಲಿ ಒಣಗಿಸಿ ತೂಗಿದ ಲೆಕ್ಕದೊಂದಿಗೆ ತಾಳೆ ನೋಡಿಕೊಂಡರೆ ಸಾಕು. ಲೋಳೆ ಹೆಚ್ಚಿರುವ ಗಿಡಗಳ ಸಾರ ಶೇ. 30 ದಾಟುವ ಮೊದಲೇ ಅಂಟಾಗಿ ಪಂಪಿನಲ್ಲಿ ಹರಿಯದಾಗುತ್ತದೆ. ಅಂಥದ್ದನ್ನು ಶೇ. 20ರಲ್ಲೇ ನಿಲ್ಲಿಸಬೇಕಾಗುತ್ತದೆ.

ಕೊನೆಯ ಒಣಗಿಸುವಿಕೆ: ಮೂರು ಯಂತ್ರಗಳು

ವ್ಯಾಕ್ಯೂಮ್ ಟ್ರೇ ಡ್ರೈಯರ್ ಸರಳವಾದದ್ದು. ಗಟ್ಟಿ ಸಾರವನ್ನು ತಟ್ಟೆಗಳಲ್ಲಿ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹರಡಿ, 50ರಿಂದ 60 ಡಿಗ್ರಿಯಲ್ಲಿ ನಿರ್ವಾತಕ್ಕೆ ಒಳಪಡಿಸುತ್ತಾರೆ. ನಿರ್ವಾತ ಏರುತ್ತಿದ್ದಂತೆ ಕಪ್ಪನೆಯ ಪಾಕದ ಮೇಲೆ ಮೊದಲು ಸಣ್ಣ ಗುಳ್ಳೆಗಳು ಏಳುತ್ತವೆ, ಆಮೇಲೆ ಇಡೀ ಪದರ ಉಬ್ಬಿ, ಒಳಗೆ ಪೊಳ್ಳಾಗಿ, ಹಪ್ಪಳದಂತೆ ಗರಿಗರಿಯಾಗಿ ನಿಲ್ಲುತ್ತದೆ. ಈ ಉಬ್ಬು ಬೇಕಾದದ್ದೇ, ಏಕೆಂದರೆ ಪೊಳ್ಳಾದ ಪದರ ಬೇಗ ಒಣಗುತ್ತದೆ ಮತ್ತು ಸುಲಭವಾಗಿ ಪುಡಿಯಾಗುತ್ತದೆ. ಆದರೆ ನಿರ್ವಾತವನ್ನು ಆತುರದಿಂದ ಏರಿಸಿದರೆ ಪಾಕ ತಟ್ಟೆಯ ಅಂಚು ದಾಟಿ ಕೆಳಗಿನ ತಟ್ಟೆಗಳ ಮೇಲೆ ಸುರಿಯುತ್ತದೆ. ಒಂದು ಬ್ಯಾಚಿಗೆ ಅರ್ಧ ದಿನದಿಂದ ಒಂದು ದಿನ ಬೇಕಾಗುತ್ತದೆ. ಬೆರಕೆ ಬೇಡ, ಅಥವಾ ತೀರ ಕಡಿಮೆ ಸಾಕು. ಕರೆಂಟು ಹೋದರೆ ಬಾಗಿಲು ಮುಚ್ಚಿ ಕಾಯಬಹುದು, ಸರಕು ಕೂಡಲೇ ಕೆಡುವುದಿಲ್ಲ. ಇದರ ಕೊರತೆಯೆಂದರೆ ದೀರ್ಘಕಾಲದ ಶಾಖದಿಂದ ಬಣ್ಣ ಸ್ವಲ್ಪ ಕಪ್ಪಾಗುವುದು, ತಟ್ಟೆಯಿಂದ ಕೆರೆದು ತೆಗೆಯುವ ಕೈಕೆಲಸ ಮತ್ತು ಆಮೇಲೆ ಬೀಸಿ ಜರಡಿ ಹಿಡಿಯಬೇಕಾದ ಹಂತ. ಆ ಬೀಸುವ ಹಂತವೇ ಮಳೆಗಾಲದಲ್ಲಿ ದುರ್ಬಲ ಕೊಂಡಿ: ಒಣ ಚೂರುಗಳು ಗಿರಣಿಯೊಳಗೆ ತೇವ ಹೀರಿ ಬ್ಲೇಡಿಗೆ ಅಂಟಿ ಗಟ್ಟಿಯಾಗುತ್ತವೆ.

ಸ್ಪ್ರೇ ಡ್ರೈಯರ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಒಳಹೋಗುವ ಗಾಳಿ 150ರಿಂದ 190 ಡಿಗ್ರಿ ಇರುವುದರಿಂದ ಸತ್ವ ಸುಟ್ಟುಹೋಗುತ್ತದೆ ಎನ್ನುತ್ತಾರೆ. ಹಾಗಾಗುವುದಿಲ್ಲ. ಸೂಕ್ಷ್ಮ ಹನಿಯಲ್ಲಿ ನೀರಿರುವವರೆಗೆ ಆವಿಯಾಗುವಿಕೆಯೇ ಅದನ್ನು ತಣ್ಣಗಿಡುತ್ತದೆ, ಮತ್ತು ಒಣಗಿದ ಕಣ ಕಾಣುವುದು ಹೊರಹೋಗುವ ಗಾಳಿಯ 80ರಿಂದ 95 ಡಿಗ್ರಿಯನ್ನು, ಅದೂ ಕೆಲವೇ ಸೆಕೆಂಡು. ಆದ್ದರಿಂದ ಈ ಯಂತ್ರದಲ್ಲಿ ನಿಯಂತ್ರಿಸಬೇಕಾದ ಮುಖ್ಯ ಅಂಕಿ ಹೊರಹೋಗುವ ಗಾಳಿಯ ಉಷ್ಣತೆಯದು. ಅದು ಇಳಿದರೆ ಪುಡಿಯಲ್ಲಿ ತೇವ ಉಳಿಯುತ್ತದೆ, ಏರಿದರೆ ಸಕ್ಕರೆ ಅಂಶವುಳ್ಳ ಸಾರ ಮೆದುವಾಗಿ ಗೋಡೆಗೆ ಅಂಟುತ್ತದೆ. ಸುವಾಸನೆಯ ತೈಲ ಮಾತ್ರ ಇಲ್ಲಿ ನಿಲ್ಲುವುದಿಲ್ಲ. ತುಳಸಿಯಂಥವುಗಳಲ್ಲಿ ತೈಲವನ್ನು ಮೊದಲೇ ಭಟ್ಟಿಯಿಳಿಸಿ ಬೇರೆ ಮಾರುವುದು ಜಾಣತನ.

ಸ್ಪ್ರೇ ಡ್ರೈಯರ್‌ನ ದೊಡ್ಡ ಬಲ ಅದರ ವೇಗ ಮತ್ತು ಸಮಾನತೆ: ಪುಡಿ ನೇರವಾಗಿ ಬರುತ್ತದೆ, ಬೀಸಬೇಕಿಲ್ಲ, ನೀರಿನಲ್ಲಿ ಬೇಗ ಕರಗುತ್ತದೆ. ದೊಡ್ಡ ದೌರ್ಬಲ್ಯ ಅಂಟು. ಹಣ್ಣಿನ ಆಮ್ಲ ಮತ್ತು ಸಕ್ಕರೆ ತುಂಬಿದ ಕಾಚಂಪುಳಿಯ ರಸವನ್ನು ಬೆರಕೆಯಿಲ್ಲದೆ ಸ್ಪ್ರೇ ಮಾಡಲು ಹೊರಟರೆ ಪುಡಿಯ ಬದಲು ಗೋಡೆಯ ಮೇಲೆ ಅಂಟು ಲೇಪನ ಸಿಗುತ್ತದೆ. ಅದಕ್ಕಾಗಿಯೇ ಆ ಆಮ್ಲವನ್ನು ಕ್ಯಾಲ್ಸಿಯಂ ಅಥವಾ ಪೊಟ್ಯಾಸಿಯಂ ಲವಣವಾಗಿಸಿ ಮಾರುವ ರೂಢಿ ಬೆಳೆದಿರುವುದು. ಉಳಿದ ಸಾರಗಳಿಗೆ ಮಾಲ್ಟೋಡೆಕ್ಸ್‌ಟ್ರಿನ್ ಅಥವಾ ಗೋಂದು ಬೆರೆಸುತ್ತಾರೆ. ಎಷ್ಟು ಕಡಿಮೆ ಬೆರಕೆಯಲ್ಲಿ ಪುಡಿ ಸರಾಗವಾಗಿ ಇಳಿಯುತ್ತದೆ ಎಂಬುದನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾ ಕಂಡುಕೊಳ್ಳುವುದೇ ಇಲ್ಲಿನ ಮುಖ್ಯ ಪ್ರಯೋಗ.

ಮಳೆಗಾಲದಲ್ಲಿ ಒಳಹೋಗುವ ಗಾಳಿಯೇ ನೀರು ಹೊತ್ತು ಬರುವುದರಿಂದ, ಜನವರಿಯಲ್ಲಿ ಚೆನ್ನಾಗಿ ನಡೆದ ಅಂಕಿಗಳನ್ನೇ ಜುಲೈಯಲ್ಲಿ ಇಟ್ಟರೆ ಪುಡಿ, ಗಾಳಿಯಿಂದ ಅದನ್ನು ಬೇರ್ಪಡಿಸುವ ಸೈಕ್ಲೋನ್‌ನ ಕೊರಳಲ್ಲಿ ಕಟ್ಟಿಕೊಳ್ಳುತ್ತದೆ. ಸಾರ ಹಾಯಿಸುವ ವೇಗವನ್ನು ತಗ್ಗಿಸಬೇಕು, ಇಲ್ಲವೇ ಒಳಹೋಗುವ ಗಾಳಿಯ ತೇವ ತೆಗೆಯುವ ಸಾಧನ ಜೋಡಿಸಬೇಕು. ನಡುವೆ ಕರೆಂಟು ಹೋದರೆ ಕೊಠಡಿಯನ್ನು ಪೂರ್ತಿ ತೊಳೆದು ಮತ್ತೆ ಶುರು ಮಾಡಬೇಕಾಗಬಹುದು. ಮದ್ಯಸಾರ ಉಳಿದ ಸಾರವನ್ನು ಸಾಮಾನ್ಯ ಸ್ಪ್ರೇ ಡ್ರೈಯರ್‌ಗೆ ಎಂದೂ ಹಾಯಿಸಬಾರದು, ಸ್ಫೋಟದ ಅಪಾಯವಿದೆ. ಮೊದಲು ಮದ್ಯಸಾರವನ್ನು ಪೂರ್ತಿ ಹಿಂತೆಗೆದು ನೀರಿಗೆ ತರಬೇಕು.

ಫ್ರೀಜ್ ಡ್ರೈಯರ್ ಬಣ್ಣ, ವಾಸನೆ, ಶಾಖಕ್ಕೆ ಒಡೆಯುವ ಸತ್ವ ಎಲ್ಲವನ್ನೂ ಅತಿ ಚೆನ್ನಾಗಿ ಉಳಿಸುತ್ತದೆ. ಆದರೆ ಒಂದು ಬ್ಯಾಚಿಗೆ ಒಂದರಿಂದ ಎರಡು ದಿನ, ಅಷ್ಟು ಹೊತ್ತೂ ನಿಲ್ಲದ ಕರೆಂಟು, ದೊಡ್ಡ ಬಂಡವಾಳ. ಈಗಾಗಲೇ 70 ಡಿಗ್ರಿಯಲ್ಲಿ ಕಾಯಿಸಿ ತೆಗೆದ ಸಾರಕ್ಕೆ ಇದನ್ನು ಬಳಸುವುದರಲ್ಲಿ ಅರ್ಥವಿಲ್ಲ. ಹಸಿ ಒಂದೆಲಗದ ತಣ್ಣನೆಯ ರಸದಂಥ ಕೆಲವೇ ಸರಕುಗಳಿಗೆ, ಅದೂ ಬೆಲೆ ಒಪ್ಪಿಕೊಂಡ ಖರೀದಿದಾರ ಎದುರಿಗಿದ್ದರೆ ಮಾತ್ರ, ಇದು ಯೋಚಿಸುವ ವಿಷಯ.

ಇವನ್ನೆಲ್ಲ ನೋಡಿ ನಾನು ಕೊಡುವ ಸಲಹೆ ಇದು. ಬೆಳೆಗಾರರ ಸಂಘವೊಂದು ನಾಲ್ಕಾರು ಗಿಡಗಳ ನೀರಿನ ಸಾರವನ್ನು ಸಣ್ಣ ಸಣ್ಣ ಬ್ಯಾಚುಗಳಲ್ಲಿ ಮಾಡುವುದಾದರೆ ಒಳ್ಳೆಯ ವ್ಯಾಕ್ಯೂಮ್ ಇವ್ಯಾಪೊರೇಟರ್‌ಗೆ ಹೆಚ್ಚು ಹಣ ಹಾಕಿ, ಕೊನೆಗೆ ವ್ಯಾಕ್ಯೂಮ್ ಟ್ರೇ ಡ್ರೈಯರ್‌ನಿಂದ ತೃಪ್ತಿಪಡಬೇಕು. ಒಂದೇ ಗಿಡದ ಸಾರವನ್ನು ದಿನವೂ ದೊಡ್ಡ ಪ್ರಮಾಣದಲ್ಲಿ ತೆಗೆಯುವಷ್ಟು ಸೊಪ್ಪು, ಖರೀದಿದಾರ ಎರಡೂ ಖಚಿತವಾದ ಮೇಲೆ ಸ್ಪ್ರೇ ಡ್ರೈಯರ್. ದಿನಕ್ಕೊಂದು ಗಿಡ ಬದಲಾಯಿಸುವವನಿಗೆ ಅದನ್ನು ತೊಳೆಯುವುದರಲ್ಲೇ ಲಾಭ ಹರಿದುಹೋಗುತ್ತದೆ.

ಘಟಕ ಎಲ್ಲಿರಬೇಕೆಂಬುದೂ ಆಯ್ಕೆಯ ಭಾಗವೇ. ಸೊಪ್ಪು ಒಣಗಿಸುವ ಕೆಲಸ ತೋಟದ ಹತ್ತಿರ, ಭಾಗಮಂಡಲವಾಗಲಿ ನಾಪೋಕ್ಲುವಾಗಲಿ, ಕೊಯ್ದ ಕೆಲವೇ ಗಂಟೆಗಳಲ್ಲಿ ಆಗಬೇಕು. ಪುಡಿ ಮಾಡುವ ಕೆಲಸ ಮಳೆ ಕಡಿಮೆಯಿರುವ ಕುಶಾಲನಗರದ ಕಡೆ ಇದ್ದರೆ ತೇವ ತೆಗೆಯುವ ಯಂತ್ರದ ಹೊರೆ ಎಷ್ಟೋ ಹಗುರವಾಗುತ್ತದೆ. ಔಷಧಿಯೆಂದು ಮಾರುವುದಾದರೆ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆಯ ಪರವಾನಗಿ ಮತ್ತು ಅದರ ನಿಯಮಗಳ ಟಿ ಅನುಸೂಚಿಯಂತೆ ಕಟ್ಟಡ, ಆಹಾರ ಪದಾರ್ಥವೆಂದಾದರೆ ಎಫ್‌ಎಸ್‌ಎಸ್‌ಎಐ ಪರವಾನಗಿ ಬೇಕು. ಕಾಡಿನಿಂದ ತಂದ ಬೇರು, ತೊಗಟೆಗಳಿಗೆ ಅರಣ್ಯ ಇಲಾಖೆಯ ಅನುಮತಿಯ ಜೊತೆಗೆ 2002ರ ಜೀವವೈವಿಧ್ಯ ಕಾಯ್ದೆಯೂ ಅನ್ವಯಿಸುತ್ತದೆ. ಬೇರು ಕಿತ್ತರೆ ಸಾಯುವ ಸರ್ಪಗಂಧ, ಏಕನಾಯಕದಂಥ ಗಿಡಗಳನ್ನು ಬೆಳೆಸದೆ ಸಾರದ ಕಾರ್ಖಾನೆ ಕಟ್ಟುವುದು ನಮ್ಮ ಕಾಡಿಗೆ ಮಾಡುವ ದ್ರೋಹ.

ಪುಡಿ ಕೈಗೆ ಬಂದ ಮೇಲೆ

ಶೇ. 5ಕ್ಕಿಂತ ಕಡಿಮೆ ತೇವಾಂಶದ ಪುಡಿಯನ್ನು ಮಾಡಿ, ಆಗಸ್ಟ್ ತಿಂಗಳ ತೆರೆದ ಕೋಣೆಯಲ್ಲಿ ಚೀಲಕ್ಕೆ ತುಂಬಿದರೆ ಅಲ್ಲಿಯವರೆಗಿನ ಶ್ರಮವೆಲ್ಲ ನೀರಿನಲ್ಲಿ ಹೋಮ. ಸಾರದ ಪುಡಿ ಎಲೆಗಿಂತ ಎಷ್ಟೋ ಪಾಲು ಹೆಚ್ಚು ತೇವ ಹೀರುತ್ತದೆ, ಮೊದಲು ಉಂಡೆಗಟ್ಟಿ ಆಮೇಲೆ ಟಾರಿನಂತಾಗುತ್ತದೆ. ಬೀಸುವ, ಜರಡಿ ಹಿಡಿಯುವ, ತುಂಬುವ ಕೋಣೆ ಒಂದೇ ಆಗಿರಲಿ, ಚಿಕ್ಕದಾಗಿರಲಿ, ತೇವ ತೆಗೆಯುವ ಯಂತ್ರದಿಂದ ಅಲ್ಲಿನ ಸಾಪೇಕ್ಷ ಆರ್ದ್ರತೆ ಶೇ. 40ರ ಒಳಗಿರಲಿ, ಮತ್ತು ಗೋಡೆಯ ಮೇಲಿನ ಆರ್ದ್ರತಾಮಾಪಕದ ಅಂಕಿಯನ್ನು ಪ್ರತಿ ಬ್ಯಾಚಿನ ಕಾಗದದಲ್ಲಿ ಬರೆಯಲಿ. ಬಿಸಿ ಪುಡಿಯನ್ನು ಕೋಣೆಯ ಉಷ್ಣತೆಗೆ ಇಳಿಸಿಯೇ ಕಟ್ಟಬೇಕು, ಇಲ್ಲವಾದರೆ ಚೀಲದೊಳಗೆ ಬೆವರುತ್ತದೆ. ಎರಡು ಪದರದ ಪಾಲಿಥೀನ್, ಅದರ ಮೇಲೆ ಅಲ್ಯೂಮಿನಿಯಂ ಹಾಳೆಯ ಚೀಲ, ಹೊರಗೆ ಮುಚ್ಚಳ ಬಿಗಿಯಾದ ಡ್ರಮ್ಮು ಇದ್ದರೆ ಮಳೆಗಾಲ ದಾಟಬಹುದು. ಒಂದೇ ದೊಡ್ಡ ಡ್ರಮ್ಮಿಗಿಂತ 5 ಕಿಲೋ ಚೀಲಗಳು ಮೇಲು, ಏಕೆಂದರೆ ಮಾದರಿಗಾಗಿ ತೆರೆದಾಗಲೆಲ್ಲ ಇಡೀ ಸರಕು ಗಾಳಿ ಕಾಣುವುದು ತಪ್ಪುತ್ತದೆ.

ಜಾಬ್ ವರ್ಕ್‌ಗೆ ಕಳಿಸುವವರು ಮುಂಗಡ ಕೊಡುವ ಮೊದಲು ಘಟಕದವರಲ್ಲಿ ಬರವಣಿಗೆಯಲ್ಲಿ ಪಡೆಯಬೇಕಾದ ಸಂಗತಿಗಳಿವೆ: ನಮ್ಮ ಸೊಪ್ಪಿಗೆ ಮುಂಚೆ ಯಂತ್ರದಲ್ಲಿ ಯಾವ ಗಿಡ ಓಡಿತ್ತು ಮತ್ತು ತೊಳೆದ ದಾಖಲೆ ಎಲ್ಲಿದೆ, ಬೆರಕೆ ಯಾವುದು ಮತ್ತು ಎಷ್ಟು, ಒಳಹೋದ ಸೊಪ್ಪಿನ ಸತ್ವವೆಷ್ಟು ಹೊರಬಂದ ಪುಡಿಯ ಸತ್ವವೆಷ್ಟು, ಗೋಡೆಗೆ ಅಂಟಿ ಹೋದ ಪಾಲನ್ನು ಯಾರ ಲೆಕ್ಕಕ್ಕೆ ಹಾಕುತ್ತಾರೆ, ಸಾರ ತೆಗೆದ ಚರಟ ಯಾರದ್ದು. ಕೊನೆಯದನ್ನು ಬಿಟ್ಟುಕೊಡಬೇಡಿ. ನೀರಿನಲ್ಲಿ ಮಾತ್ರ ಸಾರ ತೆಗೆದ ಚರಟ ಸಗಣಿಯೊಂದಿಗೆ ಕೊಳೆತು ಒಳ್ಳೆಯ ಗೊಬ್ಬರವಾಗುತ್ತದೆ, ಮತ್ತು ಅದನ್ನು ಕಾಫಿ ಬುಡಕ್ಕೆ ಹಾಕಲು ಸಾಗಣೆಯ ಖರ್ಚಷ್ಟೇ ಬೀಳುತ್ತದೆ.